ನರೆದಲೆಗನ ತವರು

ಕನಕದಾಸರ ‘ರಾಮಧಾನ್ಯ ಚರಿತೆ’ಯ ವಿಷಯದಲ್ಲಿ ನಮ್ಮ ವಿಮರ್ಶೆ ಒಂದು ಸುಲಭವಾದ ದಾರಿಯನ್ನು ಹಿಡಿದು ಬಹಳ ಕಾಲವಾಯಿತು. ವ್ರೀಹಿ ಎಂದರೆ ಮೇಲಿನವರು, ನರೆದಲೆಗ ಎಂದರೆ ಕೆಳಗಿನವರು. ಅಕ್ಕಿ ಉಳ್ಳವರ ಪಕ್ಷ, ರಾಗಿ ಇಲ್ಲದವರ ಪಕ್ಷ. ಶ್ರೀರಾಮನ ತೀರ್ಪಿನಿಂದ ಇಲ್ಲದವರಿಗೆ ಜಯ. ಇಷ್ಟು ಹೇಳಿಬಿಟ್ಟರೆ ಕವಿಯ ಕೆಲಸವೂ ಮುಗಿಯಿತು, ವಿಮರ್ಶಕನ ಕೆಲಸವೂ ಮುಗಿಯಿತು. ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ನಾನು ಓದುವುದು ಇದನ್ನೇ. ಇದು ಸುಳ್ಳೆಂದು ನಾನು ಹೇಳಲಾರೆ. ಜಗಳದ ಮಾತುಗಳಲ್ಲಿ ಕುಲದ ಹೆಮ್ಮೆ, ಕುಲದ ನಿಂದೆ ಎರಡೂ ಧಾರಾಳವಾಗಿಯೇ ಇವೆ. ಆದರೆ ಹೀಗೆ ಓದುವವನಿಗೆ ಧಾನ್ಯದ ಅಗತ್ಯವೇ ಬೀಳುವುದಿಲ್ಲ. ರಾಗಿಯ ಬದಲು ಕಂಬಳಿಯನ್ನೂ, ಅಕ್ಕಿಯ ಬದಲು ಪೀತಾಂಬರವನ್ನೂ ಇಟ್ಟರೂ ಅರ್ಥ ಕೆಡದು. ಕಂಬಳಿಯನ್ನೂ ಪೀತಾಂಬರವನ್ನೂ ಜಗಳಕ್ಕೆ ನಿಲ್ಲಿಸದೆ ಕವಿ ಎರಡು ಕಾಳುಗಳನ್ನೇ ಏಕೆ ನಿಲ್ಲಿಸಿದ? ಈ ಪ್ರಶ್ನೆಯನ್ನು ಯಾರಾದರೂ ಕೇಳಬೇಕಾಗಿದೆ.

ಕಥೆ ವಾಚಕರಿಗೆ ತಿಳಿದದ್ದೇ. ಲಂಕೆಯಿಂದ ಮರಳುವ ರಾಮ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಭಕ್ಷ್ಯಗಳು ಬರುತ್ತವೆ. ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಮಾತು ಹುಟ್ಟುತ್ತದೆ. ನೆಲ್ಲು, ಹಾರಕ, ಬರಗು, ಜೋಳ, ಕಂಬು, ಸಾಮೆ, ನವಣೆ ಎಲ್ಲವೂ ಸಭೆಗೆ ಬರುತ್ತವೆ. ಗೌತಮ ಮುನಿ ನರೆದಲೆಗನ ಪಕ್ಷ ಹಿಡಿದೊಡನೆ ವ್ರೀಹಿಗೆ ಸಿಟ್ಟು ನೆತ್ತಿಗೇರುತ್ತದೆ. ಬೈಗುಳದ ಮಳೆಯೇ ಸುರಿಯುತ್ತದೆ. ನರೆದಲೆಗನೇನೂ ಬಾಯಿ ಮುಚ್ಚಿ ಕುಳಿತವನಲ್ಲ. ನೀನು ರೋಗಿಯ ಪಥ್ಯಕ್ಕೆ, ಬಾಣಂತಿಯ ಬಾಯಿಗೆ, ಕೊನೆಗೆ ಹೆಣದ ಬಾಯಿಗೆ ಎಂದು ತಿರುಗಿ ಕೊಡುತ್ತಾನೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿ ಹೊರಗೆ ತೆಗೆದಾಗ ವ್ರೀಹಿ ಕಂದಿಹೋಗಿರುತ್ತದೆ, ನರೆದಲೆಗ ಇಟ್ಟ ಹಾಗೆಯೇ ಇರುತ್ತಾನೆ. ರಾಘವ ತನ್ನ ಹೆಸರನ್ನೇ ಅವನಿಗೆ ಕೊಡುತ್ತಾನೆ, ರಾಘವನಿಂದ ರಾಗಿ. ಈ ನಿರುಕ್ತವನ್ನು ಭಾಷಾಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ; ಕವಿಗೆ ಅವರ ಒಪ್ಪಿಗೆ ಬೇಕಾಗಿಯೂ ಇರಲಿಲ್ಲ.

‘ಸೆರೆ’ ಎಂಬ ಈ ಒಂದು ಮಾತಿನ ಮೇಲೆ ನನ್ನ ಕಣ್ಣು. ಮಂಡ್ಯದ ಸೀಮೆಯ ಹುಡುಗರಿಗೆ ಈ ಭಾಗವನ್ನು ಪಾಠ ಮಾಡುತ್ತಿದ್ದಾಗ ನಾಗಮಂಗಲದ ಕಡೆಯ ಒಬ್ಬ ವಿದ್ಯಾರ್ಥಿ, “ಸಾರ್, ಅದು ಸೆರೆ ಅಲ್ಲ, ಹಗೇವು ಅಲ್ವಾ?” ಎಂದ. ತರಗತಿಯಲ್ಲಿ ಅರ್ಧದಷ್ಟು ಮಂದಿ ನಕ್ಕರು. ನಕ್ಕವರೆಲ್ಲ ನಾಲೆಯ ಕೆಳಗಿನ ಊರುಗಳವರು, ಹಗೇವನ್ನು ಕಂಡವರಲ್ಲ. ಹಗೇವೆಂದರೆ ನೆಲದಲ್ಲಿ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಕೊಡದಂತೆ ಹೊಟ್ಟೆ. ರಾಗಿ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಎಳೆದು, ಮಣ್ಣು ಮುಚ್ಚಿದರೆ ಅದರ ಮೇಲೆ ಬಂಡಿ ಹೋದರೂ ತಿಳಿಯದು. ತೆಗೆದ ಕೂಡಲೇ ಯಾರೂ ಇಳಿಯಬಾರದು. ಕೆಟ್ಟ ಗಾಳಿ ಕಟ್ಟಿರುತ್ತದೆ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಆಮೇಲೆ ಆಳು ಇಳಿಯಬೇಕು. ಹೀಗೆ ಹೂತಿಟ್ಟ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ಸಣ್ಣ ಕಾಳು, ಗಟ್ಟಿ ಕಾಳು. ಹುಳುವಿನ ಹಲ್ಲಿಗೆ ಎಡೆಗೊಡದ ಕಾಳು. ಬರ ಬಂದ ವರ್ಷ ಊರು ಬದುಕುತ್ತಿದ್ದದ್ದು ಅದರಿಂದ.

ಆ ಹುಡುಗನ ಮಾತು ನನಗೆ ಅನೇಕ ಪ್ರಬಂಧಗಳಿಗಿಂತ ಹೆಚ್ಚಿನದಾಗಿ ತೋರಿತು. ಅದನ್ನು ಒಪ್ಪಿದರೆ ರಾಮನ ತೀರ್ಪು ದೇವರ ಪವಾಡವಾಗಿ ಉಳಿಯುವುದಿಲ್ಲ. ಒಕ್ಕಲು ಮನೆಯ ನಿತ್ಯದ ಅನುಭವವೇ ನ್ಯಾಯಾಲಯದ ಸಾಕ್ಷಿಯಾಗುತ್ತದೆ. ಕನಕದಾಸರು ಕಟ್ಟಿದ ಸೆರೆಮನೆ ತಮ್ಮ ಊರಿನ ನೆಲದಡಿಯ ಕಣಜ. ಹೊಲ ಬಲ್ಲವನಿಗಲ್ಲದೆ ಬೇರೆಯವನಿಗೆ ಈ ಪರೀಕ್ಷೆ ಹೊಳೆಯುತ್ತಿರಲಿಲ್ಲ.

ಇಲ್ಲಿ ವ್ರೀಹಿಯ ಪರವಾಗಿಯೂ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಸಿಪ್ಪೆಯೊಡನೆ ಇರುವ ಭತ್ತ ಆರು ತಿಂಗಳಿಗೆ ಕೆಡುವ ವಸ್ತುವಲ್ಲ. ಹಳೆಯ ಅಕ್ಕಿಗೇ ಬೆಲೆ ಹೆಚ್ಚು ಎಂಬುದನ್ನು ನಮ್ಮ ಮನೆಯ ಹೆಂಗಸರೆಲ್ಲ ಬಲ್ಲರು. ತೇವ ತಗಲುವ ಕುಣಿಯಲ್ಲಿ ಮುಚ್ಚಿಟ್ಟರೆ ಮಾತ್ರ ಅದಕ್ಕೆ ಸೋಲು. ಎಂದರೆ ಪರೀಕ್ಷೆಯನ್ನು ಏರ್ಪಡಿಸಿದವನು ಗೆಲ್ಲುವವನಿಗೆ ಅನುಕೂಲವಾದ ಕಣವನ್ನೇ ಆರಿಸಿದ್ದಾನೆ. ರಾಮನ ನ್ಯಾಯ ಪಕ್ಷಪಾತದ್ದು. ಅದಕ್ಕಾಗಿ ನಾನು ಕವಿಯನ್ನು ದೂರುವುದಿಲ್ಲ. ಅಕ್ಕಿಗೆ ಅನುಕೂಲವಾದ ಪಂಕ್ತಿಗಳು ಲೋಕದಲ್ಲಿ ಸಾವಿರ ನಡೆದಿದ್ದವು. ಒಂದು ಸಲ ರಾಗಿಯ ಅಂಗಳದಲ್ಲಿ ಪಂದ್ಯ ನಡೆಯಲಿ ಎಂದು ಅವನಿಗೆ ತೋರಿದ್ದರೆ ತಪ್ಪೇನು?

ಈ ಎರಡು ಅಂಗಳಗಳನ್ನು ಕಣ್ಣಾರೆ ಕಾಣಬೇಕೆಂದರೆ ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಮೇಲುಕೋಟೆ ದಾಟಿ ನಾಗಮಂಗಲದವರೆಗೆ ಒಮ್ಮೆ ಹೋಗಿಬಂದರೆ ಸಾಕು. ಬಸ್ಸಿನ ಕಿಟಕಿಯಿಂದಲೇ ಕಾವ್ಯದ ವಾದಿ ಪ್ರತಿವಾದಿಗಳು ಕಾಣಸಿಗುತ್ತಾರೆ. ಕಾವೇರಿಯ ಎರಡು ದಡಗಳಲ್ಲಿ ಗದ್ದೆ. ಅಲ್ಲಿಂದ ಉತ್ತರಕ್ಕೆ ಏರುತ್ತಾ ಹೋದಂತೆ ಕಲ್ಲುಬೆಟ್ಟ, ಕುರುಚಲು ಕಾಡು, ಬೆದ್ದಲು, ರಾಗಿಯ ಹೊಲ, ನಡುನಡುವೆ ಅವರೆ ಮತ್ತು ಹುಚ್ಚೆಳ್ಳಿನ ಅಕ್ಕಡಿ ಸಾಲು. ಕೃಷ್ಣರಾಜಪೇಟೆ ತಾಲ್ಲೂಕು ಎರಡೂ ಹೌದು: ಹೇಮಾವತಿಯ ಮಗ್ಗುಲಲ್ಲಿ ತರಿ, ನಾರಾಯಣದುರ್ಗದ ಕಡೆ ಖುಷ್ಕಿ. 1911ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆಯ ನೀರು, ಮೊದಲು ಇರ್ವಿನ್ ನಾಲೆ ಎನಿಸಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದ ಸುರಂಗದಲ್ಲಿ ನುಸುಳಿ ಮಂಡ್ಯ ಮದ್ದೂರುಗಳಿಗೆ ಹೋಯಿತು. ನೀರು ಬೆಟ್ಟದ ಹೊಟ್ಟೆಯೊಳಗೇ ಹಾದುಹೋದರೂ ಬೆಟ್ಟದ ಮೈ ಒದ್ದೆಯಾಗಲಿಲ್ಲ. ನಾಲೆ ಕಬ್ಬನ್ನು ತಂದಿತು, ಭತ್ತವನ್ನು ತಂದಿತು, ಸಕ್ಕರೆಯ ಕಾರ್ಖಾನೆಯನ್ನು ತಂದಿತು. ಬೆಟ್ಟ ಮುಗಿಲನ್ನು ನೋಡುತ್ತ ಕುಳಿತಿತು. ಈಚಿನ ವರ್ಷಗಳಲ್ಲಿ ಬೆಟ್ಟಕ್ಕೆ ಬಂದದ್ದು ಕಲ್ಲುಗಣಿಯ ಸಿಡಿಮದ್ದು. ಬೇಬಿಬೆಟ್ಟದ ಗಲಾಟೆ ವಾಚಕರಿಗೆ ತಿಳಿದೇ ಇದೆ. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಯನ್ನು ತಡೆಯಿತು. ತಡೆದದ್ದು ಕಟ್ಟೆಯ ಕ್ಷೇಮಕ್ಕಾಗಿ. ಬೆಟ್ಟಕ್ಕಾಗಿ ಯಾರೂ ಅಷ್ಟಾಗಿ ಅಳಲಿಲ್ಲ.

ನಮ್ಮ ಸಾಹಿತ್ಯವೂ ಈ ಬೆಟ್ಟಗಳನ್ನು ನೋಡಿದ್ದು ದೇವರ ಪೀಠವೆಂದೇ. ಚಿಕ್ಕದೇವರಾಜ ಒಡೆಯರ ಕಾಲದ ಶ್ರೀರಂಗಪಟ್ಟಣದಲ್ಲಿ ಚಿಕುಪಾಧ್ಯಾಯನಂಥವರು ಗಿರಿಗಳ ಮಾಹಾತ್ಮ್ಯಗಳನ್ನು ಒಂದರ ಮೇಲೊಂದು ಬರೆದರು. ಯಾವ ಋಷಿ ಎಲ್ಲಿ ತಪಸ್ಸು ಮಾಡಿದ, ಯಾವ ತೀರ್ಥದಲ್ಲಿ ಮಿಂದರೆ ಯಾವ ಪಾಪ ಹೋಗುತ್ತದೆ ಎಂಬುದೆಲ್ಲ ಅಂಥ ಗ್ರಂಥಗಳಲ್ಲಿ ಸಿಕ್ಕುತ್ತದೆ. ಬೆಟ್ಟದ ಬುಡದಲ್ಲಿ ಏನು ಬಿತ್ತುತ್ತಾರೆ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಅದು ಆಸ್ಥಾನ, ಆ ದೊರೆಯ ಹೆಸರನ್ನು ಹೊತ್ತ ನಾಲೆ ಇಂದಿಗೂ ಅಲ್ಲಿದೆ, ಅನ್ನವುಂಡವರ ಸಾಹಿತ್ಯ. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. ಅವರಿಗೆ ಅದೇ ಬೆಟ್ಟ ದರ್ಶನದ ನೆಲೆಯಾಯಿತು. ಅವರ ಬಗ್ಗೆ ನನಗಿರುವ ಗೌರವ ದೊಡ್ಡದು. ಕೊಳದ ನೀರಿನಲ್ಲಿ, ಬಂಡೆಯ ಮೇಲಿನ ಬೆಳಕಿನಲ್ಲಿ ಅವರು ಕಂಡದ್ದನ್ನು ಬೇರೆ ಯಾರೂ ಕಾಣಿಸಲಾರರು. ಆದರೂ ಅವರ ಕಣ್ಣು ಶಿಖರದ ಕಡೆಗೆ, ಇಳಿಜಾರಿನ ಕಡೆಗಲ್ಲ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರ ‘ಮೈಸೂರ ಮಲ್ಲಿಗೆ’ಯಲ್ಲಿ ದಾಂಪತ್ಯದ ಮನೆಯಂಗಳವನ್ನು ಬೆಳಗಿದರು, ಹೊಲಕ್ಕೆ ಹೋಗಬೇಕಾದ ಕೆಲಸ ಆ ಕವಿತೆಗಳದಾಗಿರಲಿಲ್ಲ. ಇಳಿಜಾರಿನ ದನಿ ನಮಗೆ ಕೇಳುವುದು ಬೀಸುವ ಹಾಡುಗಳಲ್ಲಿ. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿಕಲ್ಲಿನ ಗೂಟ ಹಿಡಿದ ಹೆಂಗಸರು ಆ ಕಲ್ಲನ್ನೇ ಒಡಹುಟ್ಟಿದವಳಂತೆ ಮಾತನಾಡಿಸುವ ಹಾಡುಗಳವು. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಇಂಥ ಪದಗಳನ್ನು ಕೂಡಿಹಾಕದೆ ಹೋಗಿದ್ದರೆ, ಮುಂದೆ ಜಾನಪದ ಲೋಕವನ್ನು ಕಟ್ಟದೆ ಹೋಗಿದ್ದರೆ, ನಮ್ಮ ತರಗತಿಗಳಿಗೆ ಈ ದನಿ ಬಂದು ಮುಟ್ಟುವ ದಾರಿಯೇ ಇರಲಿಲ್ಲ. ಶಿಷ್ಟಕಾವ್ಯದಲ್ಲಿ ಆ ಕಲ್ಲಿಗೆ ತೀರ ಹತ್ತಿರ ಬಂದು ನಿಂತದ್ದು ‘ರಾಮಧಾನ್ಯ ಚರಿತೆ’.

ಹೊಳೆಯ ಬಯಲೇ ನಾಗರಿಕತೆಯ ತೊಟ್ಟಿಲು ಎಂದು ನಾವು ಶಾಲೆಯಲ್ಲಿ ಓದಿದೆವು. ನೈಲ್, ಸಿಂಧು, ಯೂಫ್ರೆಟಿಸ್. ಇದನ್ನು ಪ್ರಶ್ನಿಸಿದವರಲ್ಲಿ ರಷ್ಯದ ಸಸ್ಯವಿಜ್ಞಾನಿ ವಾವಿಲೋವ್ ದೊಡ್ಡವನು. ಲೋಕದ ಬೆಳೆಗಳ ಮೂಲನೆಲೆಗಳನ್ನು ಅರಸುತ್ತ ಅವನು ಖಂಡಖಂಡಗಳನ್ನು ಸುತ್ತಿದ. 1927ರಲ್ಲಿ ಅಬಿಸೀನಿಯದ ಎತ್ತರದ ನಾಡಿಗೂ ಹೋದ. ಬೆಳೆಗಳು ಮೊದಲು ಪಳಗಿದ್ದು ಬೆಟ್ಟಸೀಮೆಗಳಲ್ಲಿ, ಹೊಳೆಯ ಬಯಲಿಗೆ ಅವು ಆಮೇಲೆ ಇಳಿದುವು ಎಂಬುದು ಅವನ ವಾದ. ಬೀಜಗಳನ್ನು ಕೂಡಿಟ್ಟ ಆ ಮಹಾನುಭಾವ 1943ರಲ್ಲಿ ಸೆರೆಮನೆಯಲ್ಲಿ ಪ್ರಾಣಬಿಟ್ಟ. ನರೆದಲೆಗನ ಭಾಗ್ಯ ಅವನಿಗಿರಲಿಲ್ಲ.

ಅವನ ವಾದವನ್ನು ಇಡಿಯಾಗಿ ಒಪ್ಪದವರೂ ನಮ್ಮ ನಾಡಿನ ಮಟ್ಟಿಗೆ ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ಕರ್ನಾಟಕದ ಮೊದಲ ಒಕ್ಕಲಿಗರ ಕುರುಹು ಸಿಕ್ಕಿರುವುದು ಹೆಚ್ಚಾಗಿ ಕಲ್ಲುಬೆಟ್ಟಗಳ ನೆತ್ತಿಯಲ್ಲಿ ಮತ್ತು ಮಗ್ಗುಲಲ್ಲಿ. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ತೆಕ್ಕಲಕೋಟೆ, ಮಸ್ಕಿ, 1947ರಲ್ಲಿ ವೀಲರ್ ಅಗೆಸಿದ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ಇವೆಲ್ಲ ಅಂಥವೇ. ಸುಮಾರು ಐದು ಸಾವಿರ ವರ್ಷಗಳ ಹಿಂದಿನಿಂದ ಮೊದಲಾಗುವ ಈ ಕಾಲದ ಜನ ದನ ಕಟ್ಟಿದರು, ಸಗಣಿಯ ಗುಡ್ಡೆಗಳನ್ನು ಸುಟ್ಟು ಬೂದಿದಿಬ್ಬಗಳನ್ನು ಬಿಟ್ಟುಹೋದರು, ಕಲ್ಲಿನ ಕೊಡಲಿಗಳನ್ನು ಬಂಡೆಯ ಮೇಲೆ ಉಜ್ಜಿ ನಯಮಾಡಿದರು. ಉಜ್ಜಿದ ಗುಳಿಗಳು ಬಂಡೆಗಳ ಮೇಲೆ ಈಗಲೂ ಇವೆ. ಅವರು ಉಂಡದ್ದೇನು? ಒಲೆಯ ಬೂದಿಯಲ್ಲಿ ಕರಿಕಾಗಿ ಉಳಿದ ಕಾಳುಗಳನ್ನು ನೀರಿನಲ್ಲಿ ತೇಲಿಸಿ ಬೇರ್ಪಡಿಸಿ ನೋಡುವ ವಿಧಾನ ಬಂದಮೇಲೆ ಇದಕ್ಕೆ ಉತ್ತರ ದೊರೆಯಿತು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಲೇಖನದಂತೆ ಈ ಬೆಟ್ಟಗಳ ಮೂಲಬೆಳೆಗಳು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯದೇ ಆದ ಇನ್ನೊಂದು ಹುಲ್ಲುಧಾನ್ಯ. ಭತ್ತ ಅಲ್ಲಿಲ್ಲ. ಸೋಜಿಗವೆಂದರೆ, ಆ ಮೂಲಬೆಳೆಗಳ ಸಾಲಿನಲ್ಲಿ ರಾಗಿಯೂ ಇಲ್ಲ!

ರಾಗಿಯ ಕಾಡುಜಾತಿ ಬೆಳೆಯುವುದು ಪೂರ್ವ ಆಫ್ರಿಕದಲ್ಲಿ. ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನೆಲವೇ ಅದರ ತವರು. ಅಲ್ಲಿಂದ ಅದು ಕಡಲು ದಾಟಿ ಬಂತು. ಬಂದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಜಗಳವಿದೆ. ಎಂ.ಎಸ್. ನಾಗರಾಜರಾಯರು ಅಗೆದ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಬಹಳ ಹಳೆಯ ರಾಗಿ ಸಿಕ್ಕಿತೆಂದು 1971ರ ವರದಿ ಹೇಳಿತು. ಆ ಕಾಳು ರಾಗಿಯೇ ಹೌದೇ ಎಂದು ಆಮೇಲಿನವರು ಸಂದೇಹಪಟ್ಟಿದ್ದಾರೆ. ಹಳ್ಳೂರು ಇರುವುದು ಹಾವೇರಿ ಜಿಲ್ಲೆಯಲ್ಲಿ. ಕನಕದಾಸರ ಬಾಡ, ಕಾಗಿನೆಲೆಗಳೂ ಅದೇ ಜಿಲ್ಲೆಯಲ್ಲಿ. ಇದು ಬರಿಯ ಯೋಗಾಯೋಗ. ಆದರೂ ಹೇಳದೆ ಬಿಡಲು ಮನಸ್ಸು ಬಾರದು.

ಇದೆಲ್ಲ ಪುರಾತತ್ವ, ಕಾವ್ಯವಿಮರ್ಶೆಗೆ ಏತಕ್ಕೆ ಎಂದು ಕೇಳುವವರಿದ್ದಾರೆ. ಏತಕ್ಕೆಂದರೆ, ಇತ್ತೀಚೆಗೆ ನಮ್ಮ ಕೆಲವರ ಬರೆಹಗಳಲ್ಲಿ ಮೊದಲಿನ ಸಾಂಕೇತಿಕ ಅರ್ಥದ ಮೇಲೆ ಇನ್ನೊಂದು ಅಂತಸ್ತು ಏಳುತ್ತಿದೆ. ರಾಗಿ ಈ ಮಣ್ಣಿನ ಮಗ, ಅಕ್ಕಿ ಹೊರಗಿನಿಂದ ಬಂದದ್ದು. ಆದ್ದರಿಂದ ಕಾವ್ಯ ಮೂಲದವರಿಗೂ ಬಂದವರಿಗೂ ನಡೆದ ವ್ಯಾಜ್ಯ ಎನ್ನುತ್ತಾರೆ. ಕೇಳಲು ಸೊಗಸಾಗಿದೆ, ನಿಲ್ಲುವುದಿಲ್ಲ. ಭತ್ತ ಪಳಗಿದ್ದು ಚೀನದ ಯಾಂಗ್ಟ್ಸಿ ಕಣಿವೆಯಲ್ಲಿ. ಗಂಗೆಯ ಬಯಲಿನಲ್ಲೂ ಅದರ ಹಳೆಯ ಕುರುಹುಗಳುಂಟು. ರಾಗಿ ಪಳಗಿದ್ದು ಆಫ್ರಿಕದ ಬೆಟ್ಟಗಳಲ್ಲಿ. ರಾಮನ ಸಭೆಯಲ್ಲಿ ಕಚ್ಚಾಡಿದ ಇಬ್ಬರೂ ಬಂದವರೇ. ಇಲ್ಲಿಯೇ ಹುಟ್ಟಿದ ಹುರುಳಿ ವಾದಕ್ಕೂ ನಿಲ್ಲಲಿಲ್ಲ, ಪ್ರತಿವಾದಕ್ಕೂ ನಿಲ್ಲಲಿಲ್ಲ. ಅದು ಕುದುರೆಗೆ, ಎತ್ತಿಗೆ, ಹುರುಳಿಕಟ್ಟಿನ ಸಾರಿಗೆ ಎಂದು ಮೂಲೆಯಲ್ಲಿ ಉಳಿಯಿತು. ಕೊರಲೆಯ ಹೆಸರನ್ನು ಕೇಳಿದವರೇ ಪಟ್ಟಣಗಳಲ್ಲಿ ವಿರಳವಾಗಿದ್ದರು. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಗದ್ದಲದಲ್ಲಿ ಅಂಗಡಿಯ ಗಾಜಿನ ಡಬ್ಬಗಳಿಗೆ ಬಂತು, ಅಕ್ಕಿಗಿಂತ ದುಬಾರಿಯಾಗಿ.

ಹಾಗಾದರೆ ಕಾವ್ಯಕ್ಕೆ ಕುಂದಾಯಿತೇ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಕುಂದಾದದ್ದು ನಮ್ಮ ವ್ಯಾಖ್ಯಾನಕ್ಕೆ. ಕಾವ್ಯವನ್ನು ಮತ್ತೆ ತೆರೆದು ನೋಡಿ: ಯಾರು ಮೊದಲು ಬಂದವರು ಎಂದು ರಾಮ ಕೇಳುವುದೇ ಇಲ್ಲ. ಕುಲವನ್ನು ಎತ್ತುವುದು ವ್ರೀಹಿ. ಹುಟ್ಟಿನ ಹಿರಿಮೆಯಿಂದ ಗೆಲ್ಲಬಹುದೆಂದು ನಂಬಿದವನು ಅವನು. ನರೆದಲೆಗ ಕೊಡುವ ಉತ್ತರದ ತಿರುಳು ಬೇರೆ. ಹಸಿದಾಗ ಯಾರ ಮನೆಯಲ್ಲಿ ನಿಂತೆ, ಬರಗಾಲದಲ್ಲಿ ಯಾರ ಕೈ ಹಿಡಿದೆ, ಬಡವ ಬಲ್ಲಿದ ಎಂದು ಭೇದವೆಣಿಸಿದೆಯೋ ಇಲ್ಲವೋ ಎಂಬುದು ಅವನ ಪಟ್ಟು. ರಾಮ ಪರೀಕ್ಷಿಸುವುದೂ ಅದನ್ನೇ. ಕತ್ತಲೆಯಲ್ಲಿ, ನೀರು ಬೆಳಕಿಲ್ಲದಲ್ಲಿ, ಆರು ತಿಂಗಳು ತಾಳುವವನು ಯಾರು? ಗೆದ್ದವನಿಗೆ ಸಿಕ್ಕುವುದು ನಾಮಕರಣ. ಹೊರಗಿನಿಂದ ಬಂದ ಕೂಸನ್ನು ಮಡಿಲಿಗೆ ಹಾಕಿಕೊಂಡು ಮನೆಯ ಹೆಸರಿಟ್ಟ ಹಾಗೆ ಅದು. ಕನಕದಾಸರಿಗೆ ಆಫ್ರಿಕದ ವಾರ್ತೆ ತಿಳಿದಿರಲಿಲ್ಲ. ಆದರೂ ಕಡಲಾಚೆಯಿಂದ ಬಂದ ಕಾಳಿಗೆ ನಾಡಿನ ಅತಿ ದೊಡ್ಡ ಮನೆತನದ ಹೆಸರನ್ನು ಕೊಡಿಸಿದ್ದಾರೆ.

ಮೊದಲಿನ ಹೆಸರಿನ ಸೊಗಸನ್ನೂ ಮರೆಯಬಾರದು. ನರೆದಲೆಗ, ಎಂದರೆ ತಲೆ ನರೆತವನು. ಹೆಸರಲ್ಲೇ ಒಬ್ಬ ಮುದುಕ ನಿಂತಿದ್ದಾನೆ. ಕೊಯ್ಲಿಗೆ ಬಂದ ರಾಗಿಯ ತೆನೆಯನ್ನು ಡಿಸೆಂಬರಿನ ಇಬ್ಬನಿಯಲ್ಲಿ ಕಂಡವರಿಗೆ ಈ ಹೆಸರಿನ ಮೇಲೆ ಟಿಪ್ಪಣಿ ಬೇಕಾಗದು.

ಕಾವ್ಯದ ಚೌಕಟ್ಟಿಗೂ ಬೆಟ್ಟಕ್ಕೂ ಇರುವ ನಂಟನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಈ ಕಥೆಯನ್ನು ಕೇಳುತ್ತಿರುವವನು ಕಾಡಿನಲ್ಲಿರುವ ಧರ್ಮರಾಯ; ಹೇಳುತ್ತಿರುವವನು ಶಾಂಡಿಲ್ಯ ಮುನಿ. ರಾಜ್ಯ, ಭಂಡಾರ, ಕಣಜ ಎಲ್ಲವನ್ನೂ ಜೂಜಿನಲ್ಲಿ ಕಳೆದುಕೊಂಡ ದೊರೆಗೆ ಕೆಡದೆ ಉಳಿಯುವ ಕಾಳಿನ ಕಥೆ! ಪಠ್ಯಕ್ಕೆ ಆರಿಸುವವರು ಜಗಳದ ಪದ್ಯಗಳನ್ನು ಕತ್ತರಿಸಿಕೊಂಡು ಚೌಕಟ್ಟನ್ನು ಬಿಟ್ಟುಬಿಡುವುದುಂಟು; ಬೈಗುಳಕ್ಕೆ ರುಚಿಯಿದೆ, ನಿಜ. ಆದರೆ ವನವಾಸವನ್ನು ತೆಗೆದುಹಾಕಿದರೆ ಹಸಿವೇ ಹೋಯಿತು. ಪಾಂಡವಪುರದ ಕುಂತಿಬೆಟ್ಟವನ್ನು ನೋಡಿ. ಪಾಂಡವರು ತಾಯಿಯೊಡನೆ ಅಲ್ಲಿ ತಂಗಿದ್ದರಂತೆ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿಯೇ ಅಂತೆ. ಬಕನ ಕಥೆ ಬಂಡಿ ಅನ್ನದ ಕಥೆ. ಹಸಿವಿನ ಕಥೆಯೇ ಬೆಟ್ಟಕ್ಕೆ ಅಂಟಿಕೊಂಡಿದೆ. ಊರಿನ ಹಳೆಯ ಹೆಸರು ಹಿರೋಡೆ. ಹೈದರ್ ಟಿಪ್ಪುಗಳ ಫ್ರೆಂಚ್ ದಂಡು ಬೀಡುಬಿಟ್ಟದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಕೊನೆಗೆ ಜನರ ನಂಬಿಕೆಯೇ ಗೆದ್ದು ಪಾಂಡವರ ಹೆಸರು ಬಂತು. ನಮ್ಮ ನಾಡಿನ ಉದ್ದಕ್ಕೂ ಹಳೆಯ ಕಲ್ಲುಗೋರಿಗಳನ್ನು ಪಾಂಡವರ ಮನೆ, ಪಾಂಡವರ ಗುಡಿ ಎಂದು ಕರೆಯುವುದು ರೂಢಿ. ಲೆಕ್ಕಕ್ಕೆ ಸಿಕ್ಕದಷ್ಟು ಹಿಂದಿನವರೆಲ್ಲ ನಮ್ಮ ಹಳ್ಳಿಗರಿಗೆ ಪಾಂಡವರೇ. ಬೆಟ್ಟದ ನೆತ್ತಿಯಲ್ಲಿ ಮೊದಲು ಹುರುಳಿ ಬಿತ್ತಿದವರಿಗೆ ಚರಿತ್ರಕಾರ ‘ನವಶಿಲಾಯುಗದವರು’ ಎಂಬ ಒಣ ಹೆಸರಿಟ್ಟ. ಅದಕ್ಕೆ ಹೋಲಿಸಿದರೆ ಜನರ ಹೆಸರೇ ಲೇಸು.

ಇನ್ನೊಂದು ಸಂಗತಿ ಈ ಜಿಲ್ಲೆಯದೇ. ರಾಗಿ ಲಕ್ಷ್ಮಣಯ್ಯನೆಂದು ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಬಾಳಿನ ಬಹುಭಾಗವನ್ನು ರಾಗಿಯ ತೆನೆಗಳ ನಡುವೆ ಕಳೆದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂದು ಅವರು ತಮ್ಮ ತಳಿಗಳಿಗಿಟ್ಟ ಹೆಸರುಗಳನ್ನು ನೋಡಿದರೆ ಅವರಲ್ಲೂ ಒಬ್ಬ ಕವಿಯಿದ್ದನೆನ್ನಬೇಕು. ಆಮೇಲೆ ಅವರು ಆಫ್ರಿಕದ ರಾಗಿಯನ್ನು ತರಿಸಿ ನಮ್ಮ ರಾಗಿಯೊಡನೆ ಸಂಕರ ಮಾಡಿದರು. ಇಂಡಿಯಾ, ಆಫ್ರಿಕಾ ಎರಡನ್ನೂ ಕೂಡಿಸಿ ಅವುಗಳಿಗೆ ಇಂಡಾಫ್ ಎಂದು ಹೆಸರಾಯಿತು. ರೈತರ ಹೊಲಗಳಲ್ಲಿ ಇಳುವರಿ ಏರಿತು. ಸಾವಿರಾರು ವರ್ಷ ಅಗಲಿದ್ದ ತವರು ಮತ್ತು ಮನೆ ಒಂದೇ ತೆನೆಯಲ್ಲಿ ಸೇರಿದ್ದು ನಾಲೆಯ ಹೆಸರನ್ನು ಹೊತ್ತ ಫಾರಮ್ಮಿನಲ್ಲಿ. ಮಳೆಯ ಧಾನ್ಯಕ್ಕೆ ನಾಲೆಯ ನೆರವು! ವ್ರೀಹಿ ಇದನ್ನು ಕಂಡಿದ್ದರೆ ಏನು ಹೇಳುತ್ತಿದ್ದನೋ.

ಕಾವ್ಯದಲ್ಲಿ ನನಗೆ ಒಪ್ಪಿಗೆಯಾಗದ ಭಾಗಗಳೂ ಇವೆ. ಜಗಳ ಹದ ಮೀರಿ ಬೆಳೆಯುತ್ತದೆ. ಒಂದೇ ಏಟನ್ನು ಎರಡು ಮೂರು ಪದ್ಯಗಳಲ್ಲಿ ಹೊಡೆಯುವುದುಂಟು. ರಾಮಸ್ತುತಿಯ ಕಡೆ ಭಾಮಿನಿಯ ಓಟ ಸಡಿಲವಾಗುತ್ತದೆ. ಕೊನೆಯಲ್ಲಿ ರಾಮ ವ್ರೀಹಿಯನ್ನೂ ಸಮಾಧಾನಪಡಿಸಿ ಇಬ್ಬರನ್ನೂ ಒಂದುಗೂಡಿಸುವುದನ್ನು ರಾಜಿಯೆಂದು ಹಳಿಯುವ ವಿಮರ್ಶಕರಿದ್ದಾರೆ. ಅವರಿಗೆ ವ್ರೀಹಿ ಪೂರ್ತಿ ನೆಲಕಚ್ಚಬೇಕಾಗಿತ್ತು. ಆದರೆ ಕೃಷ್ಣರಾಜಪೇಟೆಯ ಕಡೆಯ ಒಂದು ಬೀಗರ ಔತಣಕ್ಕೆ ಹೋದವರು ಎಲೆಯನ್ನು ನೋಡಬೇಕು. ಮೊದಲು ಹಬೆಯಾಡುವ ಮುದ್ದೆ ಬೀಳುತ್ತದೆ, ಅದು ಮುಗಿಯುವ ಹೊತ್ತಿಗೆ ಅನ್ನದ ತಪ್ಪಲೆ ಬರುತ್ತದೆ. ಮುದ್ದೆ ಮುಗಿಸದವನ ಎಲೆಗೆ ಬಡಿಸುವವನು ಅನ್ನ ಹಾಕುವುದೇ ಇಲ್ಲ. “ಹಿಟ್ಟು ಉಣ್ಣಿ, ಆಮೇಲೆ ನೋಡೋಣ” ಎಂದು ಮುಂದಿನ ಎಲೆಗೆ ಹೋಗುತ್ತಾನೆ.